ಉಬ್ಬಸದ ಹೊತ್ತಿನಲ್ಲಿ

ಶಹಾಬಾದಿನ ಕಲ್ಲುಗಣಿಗಳಲ್ಲಿಯೋ ವಾಡಿ-ಸೇಡಂಗಳ ಸಿಮೆಂಟಿನ ಧೂಳಿನಲ್ಲಿಯೋ ಅರ್ಧಾಯುಷ್ಯವನ್ನು ಸವೆಸಿ, ಈಗ ಚಿಂಚೋಳಿಯ ಮನೆಗಟ್ಟೆಯ ಮೇಲೆ ದಮ್ಮಿನಿಂದ ಬಳಲುವ ಹಿರಿಯರಿಗೆ ಔಷಧವನ್ನಷ್ಟೇ ಕೊಟ್ಟು ಕಳುಹಿಸುವುದು ನನಗೆ ಅರೆಚಿಕಿತ್ಸೆಯೆನಿಸುತ್ತದೆ. ಔಷಧದ ಜೊತೆಗೇ ಕೂರುವ, ಉಸಿರು ಬಿಡುವ ಬಗೆಯನ್ನೂ ಕಲಿಸಬೇಕು: ಉಬ್ಬಸವೇರಿದಾಗ ಮಲಗದೆ ಮುಂಬಾಗಿ ಕುಳಿತು, ಮೊಳಕೈಗಳನ್ನು ತೊಡೆಯ ಮೇಲೂರಿ, ಮೂಗಿನಿಂದೆಳೆದ ಉಸಿರನ್ನು ಬಿಸಿ ಚಹಾ ಆರಿಸುವವರಂತೆ ಕಿರಿದಾಗಿಸಿದ ತುಟಿಗಳಿಂದ ಇಮ್ಮಡಿ ಕಾಲ ಮೆಲ್ಲನೆ ಬಿಟ್ಟರೆ, ಶ್ವಾಸನಾಳಗಳು ಬೇಗನೆ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಕೊಂಡ ಗಾಳಿಯು ಹೊರಬೀಳುವುದು. ಮುಖಕ್ಕೆ ಬೀಸಣಿಗೆಯ ತಂಗಾಳಿ ತಾಗಿದರೂ ತಳಮಳ ತಗ್ಗುವುದುಂಟು. ಬೀಸುವವರು ಮೊಮ್ಮಕ್ಕಳಾದರಂತೂ ಲೇಸು! ಬೀಡಿ ಬಿಡದೆ, ಒಲೆಯ ತೊಗರಿಕಟ್ಟಿಗೆಯ ಹೊಗೆಗೆ ಕಿಂಡಿ ತೆರೆಯದೆ ಫಲ ಅರೆಬರೆಯೇ. ತುಟಿ ನೀಲಿಗಟ್ಟಿದರೆ, ಮಾತು ತುಂಡಾದರೆ, ಯಾವ ಉಪಾಯವನ್ನೂ ನೆಚ್ಚದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಇದನ್ನೆಲ್ಲ ಕಲಿಸಲು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ತಾಸು, ಒಂದು ಬೆಂಚು ಸಾಕು.