ಯಾರ ಸೇರಿನಲ್ಲಿ ಅಳೆದ ‘ನಾರ್ಮಲ್’?

ಉಂಗುರ ಬೆರಳಿಗೆ ಹಿಡಿಸುವುದಿಲ್ಲ, ಚಪ್ಪಲಿಯ ಸೈಜು ವರ್ಷವರ್ಷವೂ ಏರುತ್ತದೆ. ಆಕ್ರೊಮೆಗಲಿ ಬರುವುದೇ ಹೀಗೆ, ಸದ್ದಿಲ್ಲದೆ. ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದ ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತದೆ. ಆಪರೇಷನ್ ಆಯಿತು, ಇಂಜೆಕ್ಷನ್ ನಡೆದಿದೆ. ಕಾಯಿಲೆ ಹತೋಟಿಗೆ ಬಂತೇ? ಈಗ ತೀರ್ಪು ಕೊಡುವುದು ಹೆಚ್ಚಾಗಿ ಒಂದೇ ಅಂಕಿ: ಐಜಿಎಫ್-1.

ಆ ಅಂಕಿಯ ಮೇಲೆ ನನಗೆ ಸಿಟ್ಟಿಲ್ಲ. ಬೆಳವಣಿಗೆಯ ಹಾರ್ಮೋನು ಗಳಿಗೆಗೊಮ್ಮೆ ಏರಿಳಿಯುತ್ತದೆ. ಅದರ ಅಪ್ಪಣೆಯಂತೆ ಲಿವರ್ ತಯಾರಿಸುವ ಐಜಿಎಫ್-1 ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ನನ್ನ ತಕರಾರು ಅಳೆಯುವ ಸೇರಿನ ಬಗ್ಗೆ. ಸಂತೆಯಲ್ಲಿ ಒಬ್ಬೊಬ್ಬರ ಸೇರು ಒಂದೊಂದು ಅಳತೆಯದಾದರೆ ರಾಗಿ ಕೊಳ್ಳುವವರು ಜಗಳಕ್ಕೆ ನಿಲ್ಲುತ್ತಾರೆ. ರಕ್ತ ಕೊಟ್ಟವರು ಮಾತ್ರ ಸುಮ್ಮನೆ ಬಿಲ್ ಕಟ್ಟಿ ಬರುತ್ತಾರೆ.

ಫ್ರಾನ್ಸಿನಲ್ಲಿ 911 ಆರೋಗ್ಯವಂತ ವಯಸ್ಕರ ರಕ್ತದ ಐಜಿಎಫ್-1 ಮಟ್ಟವನ್ನು ಆರು ಬಗೆಯ ಕಿಟ್‌ಗಳಲ್ಲಿ ಅಳೆದು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನ ಅವರೇ, ರಕ್ತ ಅದೇ. ಆರೂ ಕಿಟ್‌ಗಳ ‘ನಾರ್ಮಲ್’ ಗಡಿ ಮಾತ್ರ ಒಂದಾಗಲಿಲ್ಲ. ಎಲ್ಲ ಕಿಟ್‌ಗಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ 02/254 ಮಾನಕಕ್ಕೆ ಹೊಂದಿಸಿ ಎಂದು ತಜ್ಞರು 2011ರಲ್ಲೇ ಹೇಳಿದ್ದರು. ಹೊಂದಿಸಿದರೂ ವ್ಯತ್ಯಾಸ ಪೂರ್ತಿ ಅಳಿಯುವುದಿಲ್ಲ.

ಇನ್ನೊಂದು ಮೋಸವಿದೆ. ಲಿವರ್ ಕೆಟ್ಟಿದ್ದರೆ, ಮೈ ಸೊರಗಿದ್ದರೆ, ಸಕ್ಕರೆ ಕಾಯಿಲೆ ಕೈಮೀರಿದ್ದರೆ, ಈಸ್ಟ್ರೋಜನ್ ಮಾತ್ರೆ ನುಂಗುತ್ತಿದ್ದರೆ ಐಜಿಎಫ್-1 ತಾನಾಗಿಯೇ ಇಳಿಯುತ್ತದೆ. ಕಾಗದದ ಮೇಲೆ ನಾರ್ಮಲ್, ಒಳಗೆ ಬೂದಿ ಮುಚ್ಚಿದ ಕೆಂಡ. ಆಗ, ಸಕ್ಕರೆ ಕಾಯಿಲೆ ಕೈಮೀರಿರದಿದ್ದರೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಬೆಳವಣಿಗೆಯ ಹಾರ್ಮೋನು ತಗ್ಗುತ್ತದೆಯೇ ಎಂದು ನೋಡಬಹುದು. ಆದರೆ ಪೆಗ್ವಿಸೊಮ್ಯಾಂಟ್ ಪಡೆಯುವವರಲ್ಲಿ ಆ ದಾರಿಯೂ ಇಲ್ಲ. ಆ ಔಷಧ ಹಾರ್ಮೋನನ್ನು ತಗ್ಗಿಸದೆ ಅದರ ಕೆಲಸವನ್ನಷ್ಟೇ ತಡೆಯುತ್ತದೆ. ತಲೆನೋವು, ಬೆವರು, ಕೀಲುನೋವು ಹೇಗಿವೆ ಎಂದು ಕೇಳಲು ಕಿಟ್ ಬೇಕಿಲ್ಲ, ಬಿಡಿ.

ಕ್ಲೋಥೊ ಎಂಬ ಹೊಸ ಗುರುತು ಎಲ್ಲವನ್ನೂ ಬಗೆಹರಿಸುತ್ತದೆ ಎನ್ನುವವರೂ ಇದ್ದಾರೆ. ಆಪರೇಷನ್ ಆದಮೇಲೆ ರಕ್ತದಲ್ಲಿ ಅದು ಇಳಿಯುವುದು ನಿಜ. ಇದ್ದ ಸೇರನ್ನೇ ಸರಿಪಡಿಸದವರ ಕೈಗೆ ಇನ್ನೊಂದು ಸೇರು ಕೊಟ್ಟು ಏನು ಬಂತು?

ಇಷ್ಟೆಲ್ಲ ವಿವರ ರೋಗಿಗೇಕೆ ಎಂಬ ವಾದ ಕೇಳಿದ್ದೇನೆ. ತಿಂಗಳ ಆಕ್ಟ್ರಿಯೋಟೈಡ್ ಇಂಜೆಕ್ಷನ್ನಿಗೆ ಹಣ ಹೊಂದಿಸುವವರು ಅವರೇ. ಅದರ ಡೋಸು ಏರುವುದೂ ಇಳಿಯುವುದೂ ಈ ಅಂಕಿಯಿಂದಲೇ. ರಿಪೋರ್ಟಿನಲ್ಲಿ ಕಿಟ್‌ನ ಹೆಸರು, ಅದರ ಮಾನಕ, ರೋಗಿಯ ವಯಸ್ಸಿಗೆ ತಕ್ಕ ಮಿತಿ ಅಚ್ಚಾಗಲಿ. ಲ್ಯಾಬು ಕಿಟ್ ಬದಲಿಸಿದರೆ ವೈದ್ಯರಿಗೆ ಮೊದಲೇ ತಿಳಿಸಲಿ. ಹಳೆಯ ರೋಗಿಗಳ ಮಾದರಿಯನ್ನು ಒಂದು ಸಲ ಎರಡೂ ಕಿಟ್‌ಗಳಲ್ಲಿ ಅಳೆದು ಕೊಡಲಿ, ಲ್ಯಾಬಿನ ಖರ್ಚಿನಲ್ಲೇ.