ಸೇವೆ ಮಾಡುವವರಿಗೆ ಸಂಘ ಬೇಡವೆ?

ಪತ್ರಿಕೆಯ ಚಂದಾ ವಸೂಲಿಗೆಂದು ಮೊನ್ನೆ ಪೇಟೆಯಲ್ಲಿ ತಿರುಗುತ್ತಿದ್ದಾಗ ಕಿರಾಣಿ ಅಂಗಡಿಯ ಹಿರಿಯರೊಬ್ಬರು ನಮ್ಮನ್ನು ಕರೆದು ಕೂಡಿಸಿಕೊಂಡರು. ನಾವು ಶಾಲೆ ಬಿಟ್ಟು ವರ್ಷಗಳೇ ಆದವು. ಆದರೂ ಪೇಟೆಯವರಿಗೆ ನಾವಿನ್ನೂ ಮಾಸ್ತರರೇ. "ಏನ್ರೀ ಮಾಸ್ತರ, ಆ ಗುಲಾಬಿ ಸೀರಿ ಹೆಣ್ಮಕ್ಕಳು ಮತ್ತ ಮೆರವಣಿಗಿ ಹೊಂಟಾರಲ್ಲ, ಸೇವಾ ಮಾಡೋರಿಗೂ ಸಂಘ ಬೇಕೇನ್ರೀ?" ಎಂದು ಕೇಳಿದರು. ಹೀಗೆ ಕೇಳಿದವರು ಸ್ವತಃ ವರ್ತಕರ ಸಂಘದ ಹಳೆಯ ಸದಸ್ಯರು. ತೂಕದ ಇಲಾಖೆಯವರು ಬಾಗಿಲಿಗೆ ಬಂದರೆ ಅವರು ಮೊದಲು ಫೋನು ಮಾಡುವುದು ಸಂಘದ ಕಾರ್ಯದರ್ಶಿಗೆ.

ಅವರಿಗೆ ಅಲ್ಲಿಯೇ ಕೊಟ್ಟ ಉತ್ತರ ಅರ್ಧವಾಯಿತು, ಗಿರಾಕಿಗಳು ಬಂದರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆಶಾ ಯೋಜನೆ ಬಂದದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ಸಾವಿರ ಜನಕ್ಕೆ ಒಬ್ಬಳು ಕಾರ್ಯಕರ್ತೆ ಎಂಬ ಲೆಕ್ಕ. ಇಂದು ದೇಶದಲ್ಲಿ ಹತ್ತು ಲಕ್ಷ, ನಮ್ಮ ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ಗರ್ಭಿಣಿಯ ಹೆಸರು ನೋಂದಾಯಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಗೆ ಕರೆದೊಯ್ಯುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಕ್ಷಯರೋಗಿ ಗುಳಿಗೆ ನುಂಗಿದನೋ ಇಲ್ಲವೋ ನೋಡುವುದು, ಇವೆಲ್ಲ ಅವರ ಪಾಲಿನ ಕೆಲಸ. ಮಗು ಹುಟ್ಟಿದ ಮೇಲೆ 42 ದಿನಗಳವರೆಗೆ ಆ ಮನೆಗೆ ಮತ್ತೆ ಮತ್ತೆ ಹೋಗಿ ಮಗುವನ್ನು ತೂಗಿ, ತಾಯಿಯನ್ನು ವಿಚಾರಿಸಿ ಬರಬೇಕು. ಈ ತಿರುಗಾಟಕ್ಕೆಲ್ಲ ಸೇರಿ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ.

ಪ್ರೋತ್ಸಾಹಧನ ಎಂಬ ಮಾತನ್ನು ಗಮನಿಸಿರಿ. ಸರಕಾರದ ಕಡತದಲ್ಲಿ ಆಶಾ ಕಾರ್ಯಕರ್ತೆ ಕಾರ್ಮಿಕಳಲ್ಲ, ಸ್ವಯಂಸೇವಕಿ. ಮಾಡಿದ ಒಂದೊಂದು ಕೆಲಸಕ್ಕೆ ಒಂದೊಂದು ಮೊತ್ತ, ಅದೂ ಕಂಪ್ಯೂಟರಿನ ಪೋರ್ಟಲ್‌ನಲ್ಲಿ ದಾಖಲಾದರೆ ಮಾತ್ರ. ದಾಖಲು ತಪ್ಪಿದರೆ, ತಡವಾದರೆ, ದುಡಿದದ್ದು ಹೋಯಿತು. ಮಗ್ಗದ ಮೇಲೆ ಪೀಸ್ ರೇಟಿಗೆ ದುಡಿದ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಟ್ಟ ನೂಲು ಕೊಟ್ಟವನು ಮಾಲಿಕ, ಎಳೆ ತುಂಡಾದದ್ದಕ್ಕೆ ಕೂಲಿ ಕಳೆದುಕೊಂಡವನು ನೇಕಾರ.

ಇಂಥವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿತು. ಸರಕಾರ, ಮಾಲಿಕರು, ಕಾರ್ಮಿಕರು ಮೂವರೂ ಕೂಡಿ ಕುಳಿತ ಸಮ್ಮೇಳನ ಅದು. ಶಿಫಾರಸು ಕಾಗದದಲ್ಲೇ ಉಳಿಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಾಗ ಅಭಿನಂದನೆಯ ಹೇಳಿಕೆಗಳಿಗೆ ಮಾತ್ರ ಬರವಿರಲಿಲ್ಲ.

ಇನ್ನು ಸಂಘಗಳ ಮಾತು. ಜನಾರೋಗ್ಯದ ಹೆಸರಿನಲ್ಲಿ ಸಂಘಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ವೈದ್ಯರ ಅಖಿಲ ಭಾರತ ಸಂಘ 1928ರದು. ಭಾರತೀಯ ಸಾರ್ವಜನಿಕ ಆರೋಗ್ಯ ಸಂಘ 1956ರದು. ಅದು ಸಮ್ಮೇಳನ ನಡೆಸುತ್ತದೆ, ವಿದ್ವತ್ ಪತ್ರಿಕೆ ತರುತ್ತದೆ. ಇಂಥ ರಾಷ್ಟ್ರೀಯ ಸಂಘಗಳೆಲ್ಲ ಸೇರಿ 1967ರಲ್ಲಿ ಜಾಗತಿಕ ಒಕ್ಕೂಟವನ್ನೂ ಕಟ್ಟಿಕೊಂಡಿವೆ. ಇವುಗಳ ಕೆಲಸವನ್ನು ನಾವು ಹಗುರಾಗಿ ಕಾಣುವುದಿಲ್ಲ. ಕಾಲರಾ ಎಲ್ಲಿಂದ ಬಂತು, ಲಸಿಕೆ ಎಷ್ಟು ಫಲ ಕೊಟ್ಟಿತು ಎಂಬುದನ್ನು ಅಳೆದು ಹೇಳುವವರು ಬೇಕೇ ಬೇಕು. ಆದರೆ ಅಳೆಯುವ ಅಂಕಿಯನ್ನು ಮನೆಮನೆಗೆ ಹೋಗಿ ತಂದವಳು ಯಾರು? ಅವಳು ಆ ಸಭೆಯ ವರದಿಯಲ್ಲಿ ಅಂಕಿಯಾಗಿ ಇರುತ್ತಾಳೆ, ಸಭೆಯ ಕುರ್ಚಿಯಲ್ಲಿ ಇರುವುದಿಲ್ಲ.

ಕೂಡಿದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. 2020ರ ಏಪ್ರಿಲ್‌ನಲ್ಲಿ, ಕೊರೋನಾದ ಮೊದಲ ದಿನಗಳಲ್ಲಿ, ಬೆಂಗಳೂರಿನಲ್ಲಿ ಮಾಹಿತಿ ಬರೆದುಕೊಳ್ಳಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಕೈಮಾಡಿದರು. ದೇಶದ ಬೇರೆಡೆಗಳಲ್ಲಿ ವೈದ್ಯರ ಮೇಲೂ ಹಲ್ಲೆಗಳಾದವು. ವೈದ್ಯರ ಸಂಘ ಕಪ್ಪು ದಿನ ಆಚರಿಸುವೆನೆಂದು ನೋಟೀಸು ಕೊಟ್ಟಿತು. ಏಪ್ರಿಲ್ 22ರಂದು ಗೃಹಮಂತ್ರಿಗಳು ಮಾತುಕತೆಗೆ ಬಂದರು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಅದೇ ದಿನ ತಿದ್ದುಪಡಿಯ ಸುಗ್ರೀವಾಜ್ಞೆ ಹೊರಟಿತು. ಆ ರಕ್ಷಣೆಯಲ್ಲಿ ವೈದ್ಯರಷ್ಟೇ ಅಲ್ಲ, ದಾದಿಯರು, ಸಮುದಾಯದ ಆರೋಗ್ಯ ಕಾರ್ಯಕರ್ತೆಯರೂ ಸೇರಿದರು. ದೊಡ್ಡ ಸಂಘ ದನಿ ಎತ್ತಿತು, ಸಣ್ಣವರಿಗೂ ನೆರಳು ಸಿಕ್ಕಿತು.

ಆದರೆ ಹೊಡೆತದಿಂದ ರಕ್ಷಣೆ ಒಂದು ಮಾತು, ಹೊಟ್ಟೆಯ ಮಾತು ಬೇರೆ. ಅದೇ ವರ್ಷ ಜುಲೈ 10ರಿಂದ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಮತ್ತು ಸರಿಯಾದ ಮುಖಗವಸು, ಕೈಗವಸು ಕೇಳಿ ಕೆಲಸ ನಿಲ್ಲಿಸಿದಾಗ ಅವರು ಬಹುಮಟ್ಟಿಗೆ ಒಂಟಿಯಾಗಿಯೇ ನಿಂತರು. ಐದು ವರ್ಷ ಕಳೆದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ನಾಲ್ಕು ದಿನ ಕುಳಿತ ಮೇಲೆ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ಎಂಬ ಭರವಸೆ ಮುಖ್ಯಮಂತ್ರಿಗಳ ಬಾಯಿಂದ ಬಂತು. ಐದು ವರ್ಷದ ಹಿಂದೆ ಕೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ! ಅದೇ ಭರವಸೆ ನಡೆಸಿಕೊಡಿರೆಂದು ಆ ವರ್ಷವೇ ಮತ್ತೆ ಬೀದಿಗೆ ಬರಬೇಕಾಯಿತು.

ಕೇರಳದ ಸಂಗತಿಯನ್ನು ಹೇಳದೆ ಬಿಟ್ಟರೆ ನಮಗೆ ಅಪ್ರಾಮಾಣಿಕತೆಯ ದೋಷ ತಗಲೀತು. 2025ರ ಫೆಬ್ರವರಿ 10ರಂದು ತಿರುವನಂತಪುರದ ಸಚಿವಾಲಯದ ಮುಂದೆ ಆಶಾ ಕಾರ್ಯಕರ್ತೆಯರ ಒಂದು ಸಂಘ ಮುಷ್ಕರ ಹೂಡಿತು. ಬೇಡಿಕೆ 21 ಸಾವಿರ. ಅಧಿಕಾರದಲ್ಲಿದ್ದದ್ದು ಎಡರಂಗ. ಆಳುವ ಪಕ್ಷದ ಜೊತೆಗಿದ್ದ ಕಾರ್ಮಿಕ ಸಂಘಟನೆ ಇದು ಕೇಂದ್ರದ ಹೊಣೆಯೆಂದು ಹೇಳಿ ಮುಷ್ಕರವನ್ನು ಹಳಿಯಿತು. ಹೆಣ್ಣುಮಕ್ಕಳು ಮಳೆಯಲ್ಲಿ ನೆನೆದರು, ತಲೆಗೂದಲು ಕತ್ತರಿಸಿಕೊಂಡು ಪ್ರತಿಭಟಿಸಿದರು. ಎಂಟು ತಿಂಗಳು ಮೀರಿ ನಡೆದ ಸತ್ಯಾಗ್ರಹದ ಕೊನೆಗೆ ದೊರೆತ ಏರಿಕೆ ಒಂದು ಸಾವಿರ ರೂಪಾಯಿ. ಕೇಂದ್ರದ ಹೊಣೆ ಇದ್ದದ್ದು ನಿಜ. ಹಾಗಿದ್ದರೆ ಎರಡೂ ಸಂಘಗಳು ಒಂದೇ ಚಪ್ಪರದಡಿ ಕುಳಿತು ಕೇಂದ್ರವನ್ನೇ ಕೇಳಬಹುದಿತ್ತಲ್ಲವೆ? ನಮ್ಮ ಸರಕಾರವೆಂದು ಬಾಯಿ ಮುಚ್ಚಿಕೊಂಡ ಸಂಘ ತನ್ನ ಸದಸ್ಯರ ಸಂಘವಾಗಿ ಉಳಿಯುವುದಿಲ್ಲ, ಮಂತ್ರಿಗಳ ವಕೀಲನಾಗುತ್ತದೆ. ಕೆಂಬಾವುಟದವರಾದ ನಾವೇ ಇದನ್ನು ಹೇಳಬೇಕು. ಬೇರೆಯವರು ಹೇಳಿದರೆ ಅದರಲ್ಲಿ ಬೇರೆ ಉದ್ದೇಶವಿರುತ್ತದೆ.

ಬೇರೆ ಬಗೆಯಲ್ಲಿಯೂ ನಡೆದದ್ದುಂಟು. 1978ರಲ್ಲಿ ಅಲ್ಮಾ ಆಟಾದಲ್ಲಿ ಕೂಡಿದ ಸರಕಾರಗಳು 2000ದ ವೇಳೆಗೆ ಎಲ್ಲರಿಗೂ ಆರೋಗ್ಯ ಎಂದು ಮಾತು ಕೊಟ್ಟಿದ್ದವು. ಆ ಗಡುವಿನ ವರ್ಷ ಬಂದಾಗ ಮಾತು ಏನಾಯಿತೆಂದು ಕೇಳಲು ವಿಜ್ಞಾನ ಸಂಘಟನೆಗಳು, ಮಹಿಳಾ ಸಂಘಟನೆಗಳು, ಆರೋಗ್ಯ ಕ್ಷೇತ್ರದ ಕಾರ್ಯಕರ್ತರು ಕಲ್ಕತ್ತೆಯಲ್ಲಿ ನೆರೆದರು. ಜನ ಸ್ವಾಸ್ಥ್ಯ ಅಭಿಯಾನ ಹುಟ್ಟಿದ್ದು ಅಲ್ಲಿ. ಅಲ್ಲಿ ಡಾಕ್ಟರರೂ ಇದ್ದರು, ಹಳ್ಳಿಯ ಹೆಣ್ಣುಮಕ್ಕಳೂ ಇದ್ದರು. ಒಬ್ಬರ ಓದು, ಒಬ್ಬರ ಅನುಭವ ಎರಡೂ ಒಂದೇ ಮನವಿಯಲ್ಲಿ ಸೇರಿದರೆ ಅಧಿಕಾರಿಗೆ ಜಾರಿಕೊಳ್ಳಲು ದಾರಿ ಕಡಿಮೆ.

ಗಿರಣಿಯ ಬಂಧುಗಳಿಗೆ ಒಂದು ಮಾತು. ನಿಮ್ಮ ಪಗಾರದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಇಎಸ್‌ಐಗೆ ಹೋಗುತ್ತದೆ, ಮಾಲಿಕರು ಮೂರೂಕಾಲು ರೂಪಾಯಿ ಹಾಕುತ್ತಾರೆ. ಆ ಹಕ್ಕು 1948ರ ಕಾಯಿದೆಯಿಂದ ಬಂದದ್ದು. ನಿಮ್ಮ ಮನೆಯ ಬಾಣಂತಿಯನ್ನು ನೋಡಲು ಬರುವ ಹೆಣ್ಣುಮಗಳು ಕಾರ್ಮಿಕಳೆಂದೇ ಲೆಕ್ಕವಿಲ್ಲದ್ದರಿಂದ ಅವಳಿಗೆ ಆ ಚೀಟಿ ಇಲ್ಲ. ಅವಳಿಗೆ ಜ್ವರ ಬಂದರೆ ಅಂದಿನ ಗಳಿಕೆಯೂ ಇಲ್ಲ.

ಆದ್ದರಿಂದ ನಮ್ಮ ಊರಿನಲ್ಲಿ ನಾವು ಹೀಗೆ ಮಾಡಬೇಕೆಂದಿದ್ದೇವೆ. ಗಿರಣಿ ಸಂಘದ ಮುಂದಿನ ಕಾರ್ಯಕಾರಿ ಸಭೆಗೆ ಆಶಾ ಸಂಘದ ಇಬ್ಬರನ್ನು ಕರೆಯುವುದು, ಅವರ ಮಾತನ್ನು ಮೊದಲು ಕೇಳುವುದು. ಊರಿನ ವೈದ್ಯರ ಸಂಘಕ್ಕೂ ವರ್ತಕರ ಸಂಘಕ್ಕೂ ಪತ್ರ ಬರೆದು, ಗೌರವಧನ ತಿಂಗಳ ಗೊತ್ತಾದ ದಿನಕ್ಕೆ ಬರಬೇಕು, ಪೋರ್ಟಲ್‌ನ ತಪ್ಪಿಗೆ ದುಡಿದವಳ ಹಣ ಕಡಿಯಬಾರದು ಎಂಬ ಎರಡೇ ಮಾತಿನ ಮನವಿಗೆ ಸಹಿ ಕೇಳುವುದು. ಡಾಕ್ಟರರಲ್ಲಿ ಕೆಲವರು ಹಾಕುವರೆಂದು ನಮಗೆ ಧೈರ್ಯವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದ ಡಾಕ್ಟರರಿಗೆ ಆಶಾ ಇಲ್ಲದ ದಿನ ಹೇಗಿರುತ್ತದೆಂದು ಗೊತ್ತು.

ಕಿರಾಣಿ ಅಂಗಡಿಯ ಹಿರಿಯರ ಹತ್ತಿರ ಸೋಮವಾರ ಮನವಿ ಹಿಡಿದು ಹೋಗುವವರಿದ್ದೇವೆ. ಅವರ ಪತ್ರಿಕೆಯ ಚಂದಾ ಕೂಡ ಇನ್ನೂ ಬಾಕಿಯಿದೆ.