ವಿ.ಸಿ. ಫಾರಂಗೆ ಬೋರ್ಡು ಬಂತು, ಮೇಷ್ಟ್ರು ಬರ್ತಾರಾ?

2025ರಲ್ಲಿ ಮಂಡ್ಯ ಎರಡು ಸುದ್ದಿ ಕೇಳಿತು. ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ದುಡ್ಡಿನ ಕೊರತೆಯನ್ನು ಮುಂದಿಟ್ಟು, ಮಂಡ್ಯ ವಿಶ್ವವಿದ್ಯಾಲಯವೂ ಸೇರಿ ಒಂಬತ್ತು ವಿ.ವಿ.ಗಳನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಅದೇ ವರ್ಷ, ಅದೇ ಜಿಲ್ಲೆಯ ವಿ.ಸಿ. ಫಾರಂನಲ್ಲಿ ಹೊಸ ಕೃಷಿ ವಿ.ವಿ. ಮಾಡೋದಕ್ಕೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಒಂದೇ ಜಿಲ್ಲೆ, ಒಂದೇ ಖಜಾನೆ. ಹಾಗಾದ್ರೆ ದುಡ್ಡು ಇದೆಯಾ, ಇಲ್ವಾ?

ಇಂಥ ಚರ್ಚೆ ಬಂದಾಗಲೆಲ್ಲ ನಾವು ಹಿಡಿದುಕೊಳ್ಳೋದು ಒಂದೇ ಸಂಖ್ಯೆ: ಜಿಡಿಪಿಯ ಶೇ 6. ಕೊಠಾರಿ ಆಯೋಗದಿಂದ 2020ರ ಎನ್‌ಇಪಿವರೆಗೆ ಎಲ್ಲರೂ ಹೇಳಿದ ಗುರಿ ಅದು. ಗುರಿ ಸರಿ. ಆದರೆ ಎಂಜಿನಿಯರಿಂಗ್ ಓದಿ ಬಂದ ನನಗೆ ಬರೀ ಶೇಕಡಾವಾರು ಕಂಡ್ರೆ ಅನುಮಾನ. ಯಾಕೆ ಅಂತ ತಿಳಿಯೋಕೆ ಪಕ್ಕದ ಎರಡು ಪುಟ್ಟ ದೇಶಗಳನ್ನ ನೋಡಿ.

ಭೂತಾನ್ ಶಿಕ್ಷಣಕ್ಕೆ ಜಿಡಿಪಿಯ ಶೇ 5ಕ್ಕೂ ಹೆಚ್ಚು ಹಾಕುತ್ತಾ ಬಂದ ದೇಶ. ಶ್ರೀಲಂಕಾ ಶೇ 2ರ ಆಸುಪಾಸಿನಲ್ಲೇ ಏದುಸಿರು ಬಿಡುತ್ತಿದೆ. ಸಾಕ್ಷರತೆ ನೋಡಿದ್ರೆ ಲೆಕ್ಕ ಉಲ್ಟಾ: ಶ್ರೀಲಂಕಾ ಶೇ 90 ದಾಟಿ ಬಹಳ ಕಾಲವಾಯ್ತು, ಭೂತಾನ್ 2017ರ ಗಣತಿಯಲ್ಲಿ ಶೇ 71ರಲ್ಲಿತ್ತು. 2011ರಲ್ಲಿ ನಮ್ಮ ಮಂಡ್ಯವೂ ಹೆಚ್ಚುಕಡಿಮೆ ಅಷ್ಟೇ, ಶೇ 70.

ಹಾಗಂತ ಕಡಿಮೆ ಖರ್ಚೇ ಜಾಣತನ ಅಂದ್ಕೊಂಡ್ರೆ ಕೆಟ್ವಿ. ಶ್ರೀಲಂಕಾ ಕೀಳ್ತಿರೋದು ಅಜ್ಜ ನೆಟ್ಟ ಮರದ ಕಾಯಿ. 1940ರ ದಶಕದಲ್ಲೇ ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಅಲ್ಲಿ ಉಚಿತ ಶಿಕ್ಷಣ ತಂದರು, ಹಳ್ಳಿಗಾಡಿಗೂ ಒಳ್ಳೆ ಪ್ರೌಢಶಾಲೆಗಳನ್ನ ಒಯ್ದರು. ಇವತ್ತು ಸರ್ಕಾರ ಕೈಬಿಟ್ಟ ಪಾಲನ್ನ ಅಪ್ಪ-ಅಮ್ಮ ಟ್ಯೂಷನ್ ಫೀಸಾಗಿ ಕಟ್ತಿದ್ದಾರೆ. 2012ರಲ್ಲಿ ವಿ.ವಿ. ಅಧ್ಯಾಪಕರು ‘ಶೇ 6 ಕೊಡಿ’ ಅಂತ ತಿಂಗಳುಗಟ್ಟಲೆ ಮುಷ್ಕರ ಕೂತರು. ಸಿಗಲಿಲ್ಲ.

ಭೂತಾನ್ ಶುರು ಮಾಡಿದ್ದೇ ತಡ. ಆಧುನಿಕ ಶಾಲೆಗಳು ಹರಡಿದ್ದು 1960ರ ನಂತರ. ಬೆಟ್ಟದ ಮೇಲಿನ ಬೆರಳೆಣಿಕೆ ಮಕ್ಕಳಿಗೂ ಶಾಲೆ, ಹಾಸ್ಟೆಲ್ ಬೇಕು, ಖರ್ಚು ಜಾಸ್ತಿ. ಮಂಡ್ಯ ಜಿಲ್ಲೆಯ ಅರ್ಧದಷ್ಟೂ ಜನರಿಲ್ಲದ ಆ ದೇಶ 2003ರಲ್ಲಿ ಚದುರಿದ್ದ ಕಾಲೇಜುಗಳನ್ನ ಒಂದೇ ರಾಯಲ್ ವಿ.ವಿ. ಅಡಿ ತಂದಿತು. 2019ರಲ್ಲಿ ಮೇಷ್ಟ್ರ ಸಂಬಳವನ್ನ ಬೇರೆ ಸರ್ಕಾರಿ ನೌಕರರಿಗಿಂತ ಮೇಲಕ್ಕೇರಿಸಿತು. ಆಮೇಲೂ ಎಷ್ಟೋ ಮೇಷ್ಟ್ರು ಆಸ್ಟ್ರೇಲಿಯಾ ವಿಮಾನ ಹತ್ತಿದರು, ನಿಜ. ಆದರೆ ದುಡ್ಡು ಮೊದಲು ಯಾರಿಗೆ ಹೋಗಬೇಕು ಅನ್ನೋದರಲ್ಲಿ ಗೊಂದಲ ಇರಲಿಲ್ಲ.

ಎರಡೂ ದೇಶ ಹೇಳೋದು ಇಷ್ಟೇ: ಎಷ್ಟು ಶೇಕಡಾ ಅನ್ನೋದರ ಜೊತೆ, ಎಷ್ಟು ವರ್ಷ ಬಿಡದೆ ಹಾಕಿದ್ರಿ, ಯಾರ ಕೈಗೆ ಹಾಕಿದ್ರಿ ಅಂತಲೂ ಕೇಳಬೇಕು.

ಇದನ್ನ ವಿ.ಸಿ. ಫಾರಂಗಿಂತ ಚೆನ್ನಾಗಿ ಬಲ್ಲ ಜಾಗ ಇಲ್ಲ. ಕೆಆರ್‌ಎಚ್-2 ಹೈಬ್ರಿಡ್ ಭತ್ತ 1990ರ ದಶಕದಲ್ಲಿ ರೈತರ ಗದ್ದೆಗೆ ಹೋಗಿದ್ದು ಇಲ್ಲಿಂದಲೇ. ಅದಕ್ಕೆ ಪ್ರತ್ಯೇಕ ವಿ.ವಿ. ಬೋರ್ಡು ಬೇಕಾಗಿರಲಿಲ್ಲ, ಹಂಗಾಮಿನಿಂದ ಹಂಗಾಮಿಗೆ ನಾಟಿ ಹಾಕಿ, ಅಳೆದು, ಬರೆದಿಡೋ ವಿಜ್ಞಾನಿಗಳು ಬೇಕಿತ್ತು. ತಳಿಯೊಂದು ಗದ್ದೆಗಿಳಿಯೋಕೆ ಬೇಕಾದಷ್ಟು ತಾಳ್ಮೆ ಐದು ವರ್ಷದ ಸರ್ಕಾರಕ್ಕೆ ಇರಲ್ಲ.

ಹೊಸ ವಿ.ವಿ. ಬೇಡ ಅಂತಲ್ಲ. ವಿಲೀನವೂ ಪಾಪವೇನಲ್ಲ, ಭೂತಾನ್ ಮಾಡಿದೆ. ಆದರೆ ಕಟ್ಟಡದ ಖರ್ಚು ಒಂದ್ಸಲ, ಸಂಬಳದ್ದು ಪ್ರತಿ ತಿಂಗಳು. ಮಂಡ್ಯ ವಿ.ವಿ.ಯನ್ನ ಹುಟ್ಟಿಸುವಾಗಿನ ಉತ್ಸಾಹ ಸಾಕುವಾಗ ಇರಲಿಲ್ಲ, ಕೃಷಿ ವಿ.ವಿ.ಗೂ ಅದೇ ಗತಿಯಾದ್ರೆ ಶೇ 6 ಕೊಟ್ಟರೂ ಪ್ರಯೋಜನ ಇಲ್ಲ.

ಹಾಗಾಗಿ ಬಜೆಟ್ ದಿನ ಕೋಟಿಗಳ ಮೊತ್ತ ಶೇರ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಮಂಜೂರಾದ ಬೋಧಕ ಹುದ್ದೆ ಎಷ್ಟು? ಭರ್ತಿಯಾದದ್ದೆಷ್ಟು? ಅತಿಥಿ ಉಪನ್ಯಾಸಕರ ಮೇಲೆ ನಡೀತಿರೋದೆಷ್ಟು? ಮಂಡ್ಯ ವಿ.ವಿ. ಮಕ್ಕಳು ಕೊನೆಗೆ ಯಾವ ಬೋರ್ಡಿನ ಕೆಳಗೆ ಪರೀಕ್ಷೆ ಬರೆದರೂ ಅವರಿಗೂ ಇವೇ ಪ್ರಶ್ನೆ. ಉತ್ತರ ಸಿಗದಿದ್ರೆ ಆರ್‌ಟಿಐ ಹಾಕಿ. ಹತ್ತು ರೂಪಾಯಿ ಸಾಕು.